ಮಾತನಾಡಬಾರದು ಎಂಬ ಬೋರ್ಡು

ಶಿಕಾರಿಪುರದ ಆ ಪ್ರೆಸ್ಸಿಗೆ ನಾನು ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದಾಗ ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೊಳೆ ಅಂದರೆ ಸೀಸದ ಅಕ್ಷರ. ಒಂದೊಂದನ್ನೇ ಖಾನೆಯಿಂದ ಹೆಕ್ಕಿ, ತಿರುಗುಮುರುಗಾಗಿ ಸಾಲು ಕಟ್ಟಬೇಕು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಮುಂದೆ ಓದಿಸುವ ತ್ರಾಣ ಮನೆಯಲ್ಲಿರಲಿಲ್ಲ, ಮದುವೆ ಮಾಡಿ ಕೈತೊಳೆದುಕೊಳ್ಳುವ ಆತುರ ಮಾತ್ರ ಇತ್ತು. ಗಂಡು ನೋಡಲು ಬಂದವರ ಮುಂದೆಲ್ಲ ನಾನು ಬಾಯಿ ಜೋರು ಮಾಡುತ್ತಿದ್ದೆ. "ಈಕಿ ಬಾಯಿಗೆ ಪ್ರೆಸ್ಸೇ ಸೈ ನೋಡ್ರಿ. ಮಷೀನ್ ಸದ್ದಿನಾಗ ಯಾರಿಗೂ ಕೇಳಂಗಿಲ್ಲ" ಅಂತ ನಮ್ಮವ್ವನೇ ಯಜಮಾನರ ಹತ್ತಿರ ಹೇಳಿ ನನ್ನನ್ನು ಅಲ್ಲಿ ಬಿಟ್ಟು ಹೋದಳು.

ಅದೊಂದು ಉದ್ದನೆಯ ಹಂಚಿನ ಮನೆ. ನಡುವೆ ಗೋಡೆ ಅನ್ನುವುದೇ ಇರಲಿಲ್ಲ. ಬಾಗಿಲ ಬಳಿ ಯಜಮಾನರ ಮೇಜು, ಆಮೇಲೆ ನನ್ನ ಮೊಳೆಯ ಖಾನೆಗಳು, ಅದರಾಚೆ ಕಾಲಿನಿಂದ ತುಳಿಯುವ ಟ್ರೆಡಲ್ ಮಷೀನು, ಅದಕ್ಕೆ ತಾಗಿಕೊಂಡಂತೆ ಕಾಗದ ಕತ್ತರಿಸುವ, ಅಂಟಿಸುವ, ಕಟ್ಟು ಕಟ್ಟುವ ಬೈಂಡಿಂಗ್ ಮೇಜು. ಮಷೀನಿನ ಮುಂದೆ ಒಬ್ಬ ಮುದುಕ. ಅವನನ್ನು ಎಲ್ಲರೂ ಮಷೀನಜ್ಜ ಅನ್ನುತ್ತಿದ್ದೆವು. ಬೈಂಡಿಂಗ್ ಮೇಜಿನಲ್ಲಿದ್ದವನು ಸೊರಬದ ಕಡೆಯವನು, ಗುಡವಿ ದಾರಿಯ ಒಂದು ಹಳ್ಳಿಯವನು. ಅವನು ನನಗೆ ಬೈಂಡಿಂಗ್ ಅಣ್ಣ. ಯಜಮಾನರೂ ಸೇರಿ ನಾವು ನಾಲ್ಕೇ ಜನ. ಬೆಳಿಗ್ಗೆಯಿಂದ ಸಂಜೆಯ ತನಕ ನಾಲ್ಕೂ ಬಾಯಿ ಒಂದು ಕ್ಷಣ ಮುಚ್ಚಿದ್ದಿಲ್ಲ.

ನಮ್ಮ ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಕೆಲಸವನ್ನು ಮಷೀನಿಗೆ ಏರಿಸಿ ಮೊದಲನೇ ಹಾಳೆ ತೆಗೆದ ಕೂಡಲೇ ಮಷೀನಜ್ಜ ಅದನ್ನು ಮೇಲೆತ್ತಿ ಹಿಡಿದು, ಅದು ಯಾರದ್ದು ಎಂದು ಕೂಗಬೇಕು. "ಮದ್ವೀದು ಬಂತ್ರೋ! ಶಿರಾಳಕೊಪ್ಪದ ಬಟ್ಟೆ ಅಂಗಡಿಯವರ ಮನೀದು!" ಅಂತ ಅಜ್ಜ ಕೂಗಿದರೆ ಹುಡುಗ ಯಾರು, ಹುಡುಗಿ ಎಲ್ಲಿಯವಳು, ಬೀಗರ ಜೋರು ಎಷ್ಟು ಅಂತ ನಮ್ಮ ಪಂಚಾಯಿತಿ ಶುರುವಾಗುತ್ತಿತ್ತು. ಶಾಲೆಯ ರಸೀದಿ ಪುಸ್ತಕವಾದರೆ "ಮೇಷ್ಟ್ರದು!" ಅನ್ನುತ್ತಿದ್ದ. ಯಾರೋ ತೀರಿಹೋಗಿ, ಅವರ ಶಿವಗಣಾರಾಧನೆಯ ಕಾರ್ಡು ಅಚ್ಚಿಗೆ ಬಂದಿದ್ದರೆ ದನಿ ಇಳಿಸಿ "ಹೋದೋರದು" ಎಂದಷ್ಟೇ ಅನ್ನುತ್ತಿದ್ದ. ಯಜಮಾನರು ಕೂತಲ್ಲೇ "ಶಿವ ಶಿವಾ" ಅಂದು ಕನ್ನಡಕ ತೆಗೆಯುತ್ತಿದ್ದರು. ಹೋದವರು ಪರಿಚಯದವರಾಗಿದ್ದರೆ ಅವತ್ತು ಕೆಲಸ ಅರ್ಧಗಂಟೆ ನಿಂತೇ ಹೋಗುತ್ತಿತ್ತು. ಹೊರಗಿನವರು ನೋಡಿದರೆ ಇವರೆಲ್ಲ ಸೋಮಾರಿಗಳು ಅನ್ನಬೇಕು. ಆದರೆ ನಮ್ಮ ಪ್ರೆಸ್ಸಿನಿಂದ ತಪ್ಪು ಕೆಲಸ ಹೊರಗೆ ಹೋದದ್ದು ನನಗೆ ನೆನಪಿಲ್ಲ.

ಆ ಕೂಗು ಯಾಕೆ ಎಂದು ನನಗೆ ಗೊತ್ತಾಗಿದ್ದು ಸ್ವಲ್ಪ ದಿನ ಕಳೆದ ಮೇಲೆ. ಒಂದು ಸಂಜೆ ಎರಡು ಮದುವೆಯ ಕಾರ್ಡುಗಳು ಕಲಸಿಹೋಗಿದ್ದವು. ನಾನು ಕಟ್ಟನ್ನು ಬೈಂಡಿಂಗ್ ಅಣ್ಣನ ಮುಂದಿಟ್ಟು "ಹೆಸರು ನೋಡಿ ಬೇರೆ ಬೇರೆ ಮಾಡಣ್ಣ" ಅಂದೆ. ಅಣ್ಣ ಕಾರ್ಡು ಕೈಗೆತ್ತಿಕೊಂಡ, ಕೆಳಗಿಟ್ಟ, ಬೀಡಿ ಸೇದಿ ಬರುತ್ತೇನೆ ಎಂದು ಹೊರಗೆ ಹೋದ. ಮಷೀನಜ್ಜ ನನ್ನ ಹತ್ತಿರ ಬಂದು, ಕೈಯಲ್ಲಿದ್ದ ಮಸಿಬಟ್ಟೆ ಮಡಚುತ್ತಾ, "ಅವಗ ಅಕ್ಷರ ಬರಂಗಿಲ್ಲವ್ವ. ಇನ್ನೊಮ್ಮೆ ಹಂಗ ಕೊಡಬ್ಯಾಡ. ಗೊತ್ತಾತು ಅಂತನೂ ತೋರಿಸ್ಕಬ್ಯಾಡ" ಅಂದ. ನನಗೆ ನಗು ಬಂತು. ಪ್ರೆಸ್ಸಿನಲ್ಲಿದ್ದುಕೊಂಡು ಅಕ್ಷರ ಬರುವುದಿಲ್ಲ ಅಂದರೆ ಏನರ್ಥ! ಅಜ್ಜ ನಗಲಿಲ್ಲ. ಅವನ ಮುಖ ನೋಡಿ ನಾನೇ ಆ ಕಾರ್ಡುಗಳನ್ನು ಬೇರೆ ಬೇರೆ ಮಾಡಿಟ್ಟೆ.

ಅಣ್ಣ ಮೊದಲು ಬಂದಿದ್ದು ಬಸ್ಸಿನಿಂದ ಕಾಗದದ ಹೊರೆ ಇಳಿಸುವ ಕೂಲಿಯಾಳಾಗಿ. ಕೈ ಬಹಳ ಚೊಕ್ಕ ಎಂದು ಯಜಮಾನರು ಅವನನ್ನು ಒಳಗೆ ಕೂರಿಸಿಕೊಂಡರು. ಓದು ಬರುತ್ತದೆಯೇ ಅಂತ ಅವರು ಕೇಳಲಿಲ್ಲ, ಬರುವುದಿಲ್ಲ ಅಂತ ಇವನು ಹೇಳಲಿಲ್ಲ. ಗೊತ್ತಾದ ಮೇಲೂ ಯಜಮಾನರು ಅದನ್ನು ಮಾತಿನಲ್ಲಿ ತರಲಿಲ್ಲ. ಕೂಗುವ ಪದ್ಧತಿಯನ್ನು ಶುರುಮಾಡಿದರು, ಅಷ್ಟೇ. ಜೊತೆಗೆ ಬಣ್ಣದ ಗುರುತೂ ಇತ್ತು. ಮದುವೆಗೆ ಕೆಂಪು ಮಸಿ, ಹೋದವರಿಗೆ ಕಪ್ಪು. ಹೀಗಾಗಿ ಅಣ್ಣನ ಕೈಯಲ್ಲಿ ಒಂದು ಹಾಳೆಯೂ ಅದಲು ಬದಲಾಗುತ್ತಿರಲಿಲ್ಲ.

ಊರಿನಲ್ಲಿ ಅವನಿಗೆ ಬಹಳ ಮರ್ಯಾದೆ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲವಂತೆ, ಪ್ರೆಸ್ಸಿನೋರು ಅನ್ನುತ್ತಿದ್ದರಂತೆ. ವಾರಕ್ಕೊಮ್ಮೆ ಊರಿಗೆ ಹೋದರೆ ಜನ ಕಾಗದ ಪತ್ರ ಹಿಡಿದುಕೊಂಡು ಬರುತ್ತಿದ್ದರು. "ಕನ್ನಡಕ ಪ್ರೆಸ್ಸಲ್ಲೇ ಮರ್ತು ಬಂದೆ ಮಾರಾಯ, ಕೊಡು, ಅಲ್ಲಿ ನಿಧಾನಕ್ಕೆ ನೋಡ್ತೆ" ಅಂತ ಅದನ್ನು ಜೇಬಿಗೆ ಹಾಕಿಕೊಂಡು ಸೋಮವಾರ ನನ್ನ ಮುಂದಿಡುತ್ತಿದ್ದ. ನಾನು ಓದಿ ಹೇಳಬೇಕು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡು, ಮುಂದಿನ ವಾರ ಹೋಗಿ ಅಕ್ಷರ ಬಿಡದೆ ಒಪ್ಪಿಸುತ್ತಿದ್ದ. ಕನ್ನಡಕವೇ ಇಲ್ಲದ ಮನುಷ್ಯ! "ಅಣ್ಣ, ಒಂದಲ್ಲಾ ಒಂದಿನ ಯಾರಾದರೂ ಕನ್ನಡಕ ಹಾಕ್ಕೊಂಡು ತೋರಿಸು ಅಂತಾರೆ ನೋಡು" ಅಂತ ನಾನು ಕಾಡುತ್ತಿದ್ದೆ. ಅವನೂ ನಗುತ್ತಿದ್ದ.

ಅವನು ನಗದೇ ಇದ್ದದ್ದು ಮಗಳ ವಿಷಯದಲ್ಲಿ ಮಾತ್ರ. ಒಬ್ಬಳೇ ಮಗಳು, ಸೊರಬದ ಶಾಲೆಗೆ ಹೋಗುತ್ತಿದ್ದಳು. ಅಪ್ಪ ಪ್ರೆಸ್ಸಿನಲ್ಲಿ ಪುಸ್ತಕ ಮಾಡುತ್ತಾನೆ ಎಂದು ಗೆಳತಿಯರ ಮುಂದೆ ಹೇಳಿಕೊಳ್ಳುತ್ತಿದ್ದಳಂತೆ. ಅಣ್ಣ ಚೂರುಪಾರು ಕಾಗದ ಹೊಲಿದು ಅವಳಿಗೆ ನೋಟುಬುಕ್ಕು ಮಾಡಿಕೊಡುತ್ತಿದ್ದ. ಅಪ್ಪನಿಗೆ ಓದು ಬರುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಅನ್ನುವುದೊಂದೇ ಅವನಿಗಿದ್ದ ಭಯ. "ನಾನು ಕಲಿಸ್ತೀನಿ ಬಾ ಅಣ್ಣ, ಮೂರು ತಿಂಗಳ ಕೆಲಸ" ಅಂದೆ ಒಂದು ದಿನ. ಅಣ್ಣ ತಲೆಯಾಡಿಸಿದ. "ಬಲ್ಲೋನು ಅಂತ ಅನ್ನಿಸ್ಕಂಡ್ ಮೇಲೆ ಕಲಿಯಾಕೆ ಆಗ್ತದನೇ ತಂಗಿ? ಸ್ಲೇಟ್ ಹಿಡ್ಕಂಡ್ ಕೂತಿದ್ದು ಯಾರಾದ್ರೂ ನೋಡಿದ್ರೆ ನನ್ ಮಗಳ ಮುಖ ಎಂತಾಗ್ತದೆ ಹೇಳು" ಅಂದ. ನಾನು ಮತ್ತೆ ಆ ಮಾತೆತ್ತಲಿಲ್ಲ.

ಕೆಲವು ವರ್ಷ ಹೀಗೇ ಚೆನ್ನಾಗಿ ನಡೆಯಿತು. ಆಮೇಲೆ ಯಜಮಾನರಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಒಟ್ಟಿಗೆ ಹೋದವು. ಅವರ ಅಣ್ಣನ ಮಗ ದಾವಣಗೆರೆಯಿಂದ ಬಂದು ಪ್ರೆಸ್ಸು ನೋಡಿಕೊಳ್ಳತೊಡಗಿದರು. ಅವರನ್ನು ನಾವು ಸಣ್ಣ ಯಜಮಾನರು ಅನ್ನುತ್ತಿದ್ದೆವು. ಅವರು ಕೆಟ್ಟವರಲ್ಲ, ಇದನ್ನು ನಾನು ಹೇಳಲೇಬೇಕು. ಶಿವಮೊಗ್ಗದಲ್ಲಿ ಮೊಳೆಯೇ ಬೇಡದ ಆಫ್‌ಸೆಟ್ ಮುದ್ರಣ ಬಂದು ನಮ್ಮಂಥ ಪ್ರೆಸ್ಸುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಮ್ಮದು ಉಳಿಯಲಿ ಅನ್ನುವ ಕಾಳಜಿ ಅವರಿಗೂ ಇತ್ತು. ಆದರೆ ಬಂದ ದಿನ ಬಾಗಿಲಲ್ಲಿ ನಿಂತು ನಮ್ಮ ಗದ್ದಲ ಕೇಳಿ, "ಇದೇನ್ರೀ, ಪ್ರೆಸ್ಸೋ ಸಂತೆಯೋ?" ಅಂದರು. ಅವತ್ತೇ ನಮ್ಮ ಗ್ರಹಚಾರ ಶುರುವಾಯಿತು.

ಮೊದಲು ಪ್ಲೈವುಡ್ಡಿನ ಗೋಡೆಗಳು ಎದ್ದವು. ನನಗೊಂದು ಗೂಡು, ಮಷೀನಿಗೊಂದು ಗೂಡು, ಬೈಂಡಿಂಗಿಗೆ ಹಿತ್ತಲ ಕಡೆಯ ಸೌದೆ ಕೋಣೆ, ಸಣ್ಣ ಯಜಮಾನರಿಗೆ ಎಲ್ಲರೂ ಕಾಣುವಂತೆ ಒಂದು ಗಾಜಿನ ಕ್ಯಾಬಿನ್ನು. ಚಹಾ ಅವರವರ ಜಾಗಕ್ಕೇ ಬರುತ್ತಿತ್ತು. "ಕೆಲಸದ ವೇಳೆಯಲ್ಲಿ ಮಾತನಾಡಬಾರದು" ಎಂದು ದಪ್ಪ ಅಕ್ಷರದ ಬೋರ್ಡು ಮಾಡಿಸಿ ಎಲ್ಲಾ ಗೂಡಿನಲ್ಲೂ ಅಂಟಿಸಿದರು. ಆ ಬೋರ್ಡಿಗೆ ಮೊಳೆ ಜೋಡಿಸಿದವಳೂ ನಾನೇ, ನೋಡಿ ನನ್ನ ಹಣೆಬರಹ! ಮಷೀನಜ್ಜ ಅದರ ಮೊದಲ ಹಾಳೆ ಎತ್ತಿ ಹಿಡಿದು "ಇದು ನಮ್ಮದೇ ರೋ!" ಎಂದು ಕೂಗಿದ. ಪ್ರೆಸ್ಸಿನಲ್ಲಿ ಕೇಳಿದ ಕೊನೆಯ ಕೂಗು ಅದು. ಸಣ್ಣ ಯಜಮಾನರು ಗಾಜಿನ ಕ್ಯಾಬಿನ್ನಿನಿಂದ ಎದ್ದು ಬಂದು, "ಅಜ್ಜಾರ, ಇನ್ ಮ್ಯಾಲೆ ಕೂಗೋದು ಬ್ಯಾಡ್ರಿ" ಅಂದರು. ದೀಪಾವಳಿ ಕಳೆದ ಮೇಲೆ ಅಜ್ಜ ಕೆಲಸ ಬಿಟ್ಟು ಮಗಳ ಮನೆಗೆ ಹೋದ. ದಾವಣಗೆರೆಯಿಂದ ಹೊಸ ಮಷೀನ್‌ಮನ್ ಬಂದ. ಅವನು ತನ್ನ ಪಾಡಿಗೆ ತಾನು ತುಳಿಯುವವನು. ಅವನಿಗೆ ನಮ್ಮ ಹಿಂದುಮುಂದು ಏನೂ ಗೊತ್ತಿರಲಿಲ್ಲ.

ಮಸಿಯ ಬಣ್ಣವೂ ಹೋಯಿತು. ಕೆಂಪಿನಿಂದ ಕಪ್ಪಿಗೆ ಬದಲಿಸಬೇಕಾದರೆ ಪ್ರತಿಸಲವೂ ಮಷೀನಿನ ರೋಲರನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಕು. ಅದು ಸುಮ್ಮನೆ ಹೊತ್ತು ಹಾಳು ಎಂದು ಸಣ್ಣ ಯಜಮಾನರು ಎಲ್ಲಕ್ಕೂ ಕಡುನೀಲಿ ಒಂದೇ ಸಾಕು ಎಂದರು. ಮದುವೆಗೂ ನೀಲಿ, ಹೋದವರಿಗೂ ನೀಲಿ. ಈಗಿನ ಫ್ಯಾಷನ್ನೇ ಅದು ಅಂತ ಗಿರಾಕಿಗಳಿಗೆ ಹೇಳುತ್ತಿದ್ದರು.

ಅಣ್ಣನ ಕಷ್ಟ ಎಲ್ಲಿ ಶುರುವಾಯಿತು ಎಂದು ಈಗ ಹೇಳಬೇಕು. ಅಚ್ಚು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡಲು ಪ್ರತಿ ಕೆಲಸಕ್ಕೂ ಮೊದಲು ಒಂದಿಷ್ಟು ರದ್ದಿ ಹಾಳೆಯ ಮೇಲೆ ಅಚ್ಚು ಹಾಕುತ್ತಾರೆ. ಆ ಹಾಳೆಗಳಲ್ಲೇ ಮುಂದಿನ ಗಿರಾಕಿಯ ಕಾರ್ಡುಗಳನ್ನು ಸುತ್ತಿ ಕಟ್ಟು ಕಟ್ಟುವುದು ಎಲ್ಲಾ ಪ್ರೆಸ್ಸಿನ ರೂಢಿ. ಆದರೆ ಹೋದವರ ಹಾಳೆಯನ್ನು ಮದುವೆಯ ಕಟ್ಟಿಗೆ ಸುತ್ತುವಂತಿಲ್ಲ. ನಮ್ಮ ಕಡೆ ಲಗ್ನಪತ್ರಿಕೆಯ ಕಟ್ಟು ಮನೆಗೆ ಬಂದರೆ ಅದನ್ನು ನೇರವಾಗಿ ದೇವರ ಮುಂದಿಟ್ಟು, ಮನೆಯ ಹಿರಿಯರು ಅರಿಶಿನ ಕುಂಕುಮ ಹಚ್ಚಿ ಆಮೇಲೆ ಬಿಚ್ಚುತ್ತಾರೆ. ಮೊದಲೆಲ್ಲ ಹೋದವರ ಹಾಳೆ ಬೈಂಡಿಂಗ್ ಮೇಜಿಗೆ ಬರುತ್ತಲೇ ಇರಲಿಲ್ಲ, ಅಜ್ಜ ಅದನ್ನು ಕೈ ಒರೆಸಲು ತೆಗೆದಿಡುತ್ತಿದ್ದ. ಈಗ ಎಲ್ಲಾ ರದ್ದಿಯೂ ಒಂದೇ ಬಣ್ಣದಲ್ಲಿ, ಒಂದೇ ಗುಡ್ಡೆಯಾಗಿ ಹಿತ್ತಲ ಕೋಣೆಗೆ ಬಂದು ಬೀಳುತ್ತಿತ್ತು. ಅಲ್ಲಿ ಅಣ್ಣ ಒಬ್ಬನೇ. ಕೇಳಲು ಪಕ್ಕದಲ್ಲಿ ಯಾರೂ ಇಲ್ಲ, ಎದ್ದು ಬಂದು ಕೇಳಿದರೆ ಗಾಜಿನೊಳಗಿಂದ ಒಂದು ನೋಟ.

ಅವನ ಕೆಲಸವೇ ಬೇರೆಯಾಯಿತು. ಚೊಕ್ಕ ಕೈ ಅನ್ನಿಸಿಕೊಂಡಿದ್ದವನು ಕಾರ್ಡುಗಳನ್ನು ಓರೆಯಾಗಿ ಕತ್ತರಿಸತೊಡಗಿದ. ಮಧ್ಯಾಹ್ನಕ್ಕೆ ಮುಗಿಯುವ ಕಟ್ಟು ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಒಂದು ಸಲ ಕತ್ತರಿಸುವ ಮಷೀನಿಗೆ ಹೆಬ್ಬೆರಳು ಕೊಟ್ಟುಕೊಂಡ. ಸಣ್ಣ ಯಜಮಾನರು ದಿನಾ ಬೈಯುತ್ತಿದ್ದರು. "ವಯಸ್ಸಾತು, ಮೈಗಳ್ಳತನ ಬಂದೈತಿ" ಅಂತ ಹೊಸ ಮಷೀನ್‌ಮನ್ನನ ಹತ್ತಿರ ಅನ್ನುತ್ತಿದ್ದುದು ನನ್ನ ಗೂಡಿಗೂ ಕೇಳುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಲಸ ಕೆಟ್ಟರೆ ಎಲ್ಲರೂ ಕೆಲಸದವನನ್ನೇ ನೋಡುತ್ತಾರೆ. ಅವನನ್ನು ಎಲ್ಲಿಂದ ಎಬ್ಬಿಸಿ ಎಲ್ಲಿ ಕೂರಿಸಿದ್ದೇವೆ ಅಂತ ಯಾರೂ ನೋಡುವುದಿಲ್ಲ. ಅದೇ ಮನುಷ್ಯ, ಅದೇ ಕೈ, ಅದೇ ಕತ್ತರಿ. ನಡುವೆ ಬಂದಿದ್ದು ಒಂದು ಹಲಗೆ ಅಷ್ಟೇ.

ನಾನು ಒಂದು ಉಪಾಯ ಮಾಡಿದ್ದೆ. ಹೋದವರ ಹಾಳೆಗಳು ನನ್ನ ಗೂಡಿನ ಮುಂದೆಯೇ ಹೋಗಬೇಕಿತ್ತು. ಹೋಗುವಾಗ ಎಲ್ಲದರ ಮೂಲೆಯನ್ನೂ ಮಡಚಿಬಿಡುತ್ತಿದ್ದೆ. ಅಣ್ಣ ಆ ಗುರುತು ನೋಡಿ ಅವನ್ನು ಬೇರೆ ಇಡುತ್ತಿದ್ದ. ಸ್ವಲ್ಪ ಕಾಲ ಎಲ್ಲವೂ ಸುಧಾರಿಸಿತು, ಅಣ್ಣನ ಕೈಯೂ ಹದಕ್ಕೆ ಬಂತು. ಅಷ್ಟರಲ್ಲಿ ಸಣ್ಣ ಯಜಮಾನರು ಸೊರಬದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಹಿಡಿದರು. ಆ ಕಡೆಯ ಆರ್ಡರು ತೆಗೆದುಕೊಳ್ಳಲು, ತಿದ್ದಲು, ಸಿದ್ಧವಾದ ಕಟ್ಟು ಕೊಡಲು ಅಕ್ಷರ ಚೆನ್ನಾಗಿ ಬಲ್ಲವರೊಬ್ಬರು ಬೇಕಿತ್ತು. "ನೀವೇ ಹೋಗ್ರಿ" ಎಂದು ನನ್ನನ್ನು ಕಳಿಸಿದರು. ಆಗುವುದಿಲ್ಲ ಅಂದೆ, ಕಾರಣ ಕೇಳಿದರು. ನಿಜವಾದ ಕಾರಣ ಹೇಳುವಂತಿರಲಿಲ್ಲ.

ಹೋಗುವ ಹಿಂದಿನ ದಿನ ಅಣ್ಣನ ಕೋಣೆಗೆ ಹೋಗಿ, "ಹೊಸ ಮಷೀನಿನವನಿಗಾದರೂ ಹೇಳಿ ಇಡೋಣ, ಅವನು ಗುರುತು ಹಾಕಿಕೊಡ್ತಾನೆ" ಅಂದೆ. "ಬ್ಯಾಡ. ಇವತ್ತು ಅವಂಗೆ ಹೇಳಿದ್ರೆ ನಾಳೆ ಶಿರಾಳಕೊಪ್ಪದ ಬಸ್ಸಲ್ಲಿ ಇರ್ತದೆ, ನಾಡಿದ್ದು ಸೊರಬದಲ್ಲಿ ನನ್ ಮಗಳ ಶಾಲೇಲಿ" ಅಂದ ಅಣ್ಣ. ರದ್ದಿಯನ್ನೇ ಮುಟ್ಟುವುದಿಲ್ಲ, ಖಾಲಿ ಕಾಗದದಲ್ಲೇ ಕಟ್ಟು ಸುತ್ತುತ್ತೇನೆ ಎಂದು ಧೈರ್ಯ ಹೇಳಿದ. ನಾನೂ ಒಪ್ಪಿಕೊಂಡು ಸೊರಬದ ಬಸ್ಸು ಹತ್ತಿದೆ.

ಖಾಲಿ ಕಾಗದದ ಆಟ ಬಹಳ ದಿನ ನಡೆಯಲಿಲ್ಲ. ಇಷ್ಟು ರದ್ದಿ ಬಿದ್ದಿರುವಾಗ ಹೊಸ ಕಾಗದ ಯಾಕೆ ಹಾಳು ಮಾಡುತ್ತೀರಿ ಎಂದು ಸಣ್ಣ ಯಜಮಾನರು ರೇಗಿ, ಖಾಲಿ ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರಂತೆ. ಇದು ನನಗೆ ಆಮೇಲೆ ತಿಳಿಯಿತು.

ಯುಗಾದಿ ಕಳೆದು ಮದುವೆಗಳ ಭರಾಟೆ ಶುರುವಾಗಿತ್ತು. ಸೊರಬದ ಮಳಿಗೆಗೆ ಶಿಕಾರಿಪುರದಿಂದ ಬಸ್ಸಿನಲ್ಲಿ ಕಟ್ಟುಗಳು ಬರುತ್ತಿದ್ದವು, ನಾನು ಕೊಡುತ್ತಿದ್ದೆ. ಮೇಲೆ ಸಣಬಿನ ದಾರದ ಬಿಗಿ ಕಟ್ಟು, ದಾರದ ಕೆಳಗೆ ಸಣ್ಣ ಯಜಮಾನರು ಬರೆದು ಸಿಕ್ಕಿಸಿದ ಹೆಸರಿನ ಚೀಟಿ. ಒಳಗಡೆಯ ಹಾಳೆ ಯಾವುದು ಎಂದು ಹೊರಗೆ ಕಾಣುವಂತೆ ಅಣ್ಣ ಎಂದೂ ಸುತ್ತುತ್ತಿರಲಿಲ್ಲ, ಅಚ್ಚಿನ ಮುಖ ಯಾವಾಗಲೂ ಒಳಗೇ. ಒಂದು ಬೆಳಿಗ್ಗೆ ಮಳಿಗೆಯ ಬಾಗಿಲು ತೆಗೆಯುತ್ತಿದ್ದಂತೆ ಊರಿನ ಒಬ್ಬ ಕಿರಾಣಿ ವ್ಯಾಪಾರಿ, ಜೊತೆಗೆ ಅವರ ವಯಸ್ಸಾದ ತಂದೆ ಬಂದರು. ಹಿಂದಿನ ದಿನ ತಮ್ಮ ಮನೆಯ ಹುಡುಗಿಯ ಲಗ್ನಪತ್ರಿಕೆ ಒಯ್ದಿದ್ದರು. ವ್ಯಾಪಾರಿ ಒಂದು ಸುಕ್ಕಾದ ಹಾಳೆಯನ್ನು ನನ್ನ ಮುಂದೆ ಎಸೆದರು. ಅದರ ಹೊರಗೆ ಅರಿಶಿನದ ಬೆರಳಿನ ಗುರುತು, ಒಳಗೆ ಶಿವಗಣಾರಾಧನೆಯ ಒಕ್ಕಣೆ. ದೇವರ ಮನೆಯಲ್ಲಿ ಕಟ್ಟು ಬಿಚ್ಚಿದ್ದು ಹುಡುಗಿಯ ಅಜ್ಜಿಯಂತೆ. ಓದಲು ಬರುತ್ತಿದ್ದ ಆಕೆ ಅದನ್ನು ಓದಿ ಅಲ್ಲೇ ಕುಸಿದು ಕೂತರಂತೆ.

"ಯಾವನ್ರೀ ಅದು ಸುತ್ತಿದೋನು? ಅವನನ್ನ ನೋಡ್ಬೇಕು ನಾನು" ಎಂದು ವ್ಯಾಪಾರಿ ಹೊರಟರು. ನಾನು ಮಳಿಗೆಗೆ ಬೀಗ ಹಾಕಿ ಅವರ ಜೊತೆಗೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹಿರಿಯರು ಮಗನನ್ನು ಸಮಾಧಾನ ಮಾಡುತ್ತಿದ್ದರು. "ಕೆಲಸದ ಒತ್ತಡ ಇರ್ತದೆ, ಕಣ್ ತಪ್ಪಿರ್ತದೆ. ಬೇಕಂತ ಯಾರು ಮಾಡ್ತಾರೆ ಮಾರಾಯ. ಬೇರೆ ಕಾರ್ಡ್ ಹಾಕ್ಸಿದ್ರೆ ಆಯ್ತು" ಅನ್ನುತ್ತಿದ್ದರು. ಅದನ್ನು ಕೇಳಿ ನನಗೆ ಸ್ವಲ್ಪ ಜೀವ ಬಂತು. ಕೈಮುಗಿದು ತಪ್ಪಾಯಿತು ಅಂದರೆ ಮುಗಿದುಹೋಗುತ್ತದೆ ಅಂದುಕೊಂಡೆ.

ಸಣ್ಣ ಯಜಮಾನರು ಹಾಳೆ ನೋಡಿ ಬಿಳಿಚಿಕೊಂಡರು. ಬಂದವರನ್ನು ಕೂರಿಸಿ, ಅಣ್ಣನನ್ನು ಕರೆಸಿದರು. ಅಣ್ಣ ಹಿತ್ತಲ ಕೋಣೆಯಿಂದ ಅಂಟಿನ ಕೈಯಲ್ಲೇ ಬಂದು ನಿಂತ. ನನ್ನನ್ನು ನೋಡಿ ಮುಖ ಅರಳಿಸಿದ. ಆಮೇಲೆ ಸಣ್ಣ ಯಜಮಾನರ ಕೈಯಲ್ಲಿದ್ದ ಹಾಳೆ ನೋಡಿದ.

"ಇದನ್ನ ಮದ್ವಿ ಕಾರ್ಡಿಗೆ ಸುತ್ತಿದ್ದು ನೀವೇನ್ರೀ?" ಎಂದು ಸಣ್ಣ ಯಜಮಾನರು ಕೇಳಿದರು.

"ಹೌದು."

"ಹಿಡೀರಿ. ಏನ್ ಬರ್ದೈತಿ ಓದ್ರಿ. ಎಲ್ಲಾರಿಗೂ ಕೇಳಂಗ ಓದ್ರಿ. ಇಷ್ಟು ದೊಡ್ಡ ಅಕ್ಷರ ಕಾಣ್ಸಲಿಲ್ಲೇನು ನಿಮಗ?"

ಅಣ್ಣ ಹಾಳೆ ತೆಗೆದುಕೊಂಡ. ಅದರಲ್ಲಿ ಏನಿದೆ ಎಂದು ಅವನಿಗೆ ಆ ಗಳಿಗೆಯಲ್ಲೂ ಗೊತ್ತಿರಲಿಲ್ಲ. ವ್ಯಾಪಾರಿಯ ಮುಖ, ಹಿರಿಯರ ಮುಖ, ಅರಿಶಿನದ ಗುರುತು, ಒಂದೊಂದಾಗಿ ನೋಡಿದ. ಏನಾಗಿದೆ ಎಂದು ಹೊಳೆದಿರಬೇಕು. ನನಗೆ ತಡೆಯಲಾಗಲಿಲ್ಲ. "ಸಾರ್, ಅಣ್ಣನಿಗೆ..." ಅಂದೆ.

"ತಂಗಿ, ನೀ ಸುಮ್ಮನಿರು!" ಅಣ್ಣ ಗದರಿದ. ಅಷ್ಟು ವರ್ಷದಲ್ಲಿ ನನ್ನ ಮೇಲೆ ಒಮ್ಮೆಯೂ ದನಿ ಏರಿಸದವನು. ಆಮೇಲೆ ಸಣ್ಣ ಯಜಮಾನರ ಕಡೆ ತಿರುಗಿ, "ಓದಾಕೆ ಎಂತ ಉಂಟು ಇದ್ರಲ್ಲಿ. ಓದೇ ಸುತ್ತಿದ್ದು" ಅಂದ.

"ಓದಿ? ಗೊತ್ತಿದ್ದೂ?"

"ಗೊತ್ತಿದ್ದೇ. ಬೇಕಂತನೇ. ನನ್ನ ಹಿತ್ಲ ಕೋಣೆಗೆ ಹಾಕಿದ್ರಲ್ಲ, ಸಿಟ್ಟಿತ್ತು."

ನಾನು ಅಣ್ಣನ ಮುಖವನ್ನೇ ನೋಡುತ್ತಿದ್ದೆ. ಅವನು ನನ್ನನ್ನೇ ನೋಡುತ್ತಿದ್ದ, ಕಣ್ಣಿನಲ್ಲಿ ನೀರು ತುಂಬಿಕೊಂಡು, ಬೇಡ ಬೇಡ ಅಂತ. ಅಷ್ಟು ಹೊತ್ತೂ ಸಮಾಧಾನದಿಂದಿದ್ದ ಹಿರಿಯರು ಮೇಲೆದ್ದರು. "ತಪ್ಪಿ ಆಗಿದ್ರೆ ನಾನು ಒಂದ್ ಮಾತೂ ಆಡ್ತಿರ್ಲಿಲ್ಲ. ಸಿಟ್ಟು ಇವ್ರ ಮೇಲೆ ಇದ್ರೆ ಇವ್ರಿಗೆ ಮಾಡ್ಬೇಕಿತ್ತು. ನಮ್ ಮನೆ ಹುಡ್ಗಿ ನಿಂಗೆ ಎಂತ ಮಾಡಿತ್ತಪ್ಪ?" ಅಂದರು. ಅಣ್ಣ ತಲೆ ತಗ್ಗಿಸಿದ. ಅವರು ಹೋದ ಮೇಲೆ ಸಣ್ಣ ಯಜಮಾನರು ಅವನಿಗೆ ಬಾಗಿಲು ತೋರಿಸಿದರು. ಕೈಯ ಅಂಟನ್ನೂ ತೊಳೆದುಕೊಳ್ಳದೆ ಅಣ್ಣ ಹಾಗೇ ಹೊರಟುಹೋದ.

ನಾನು ಬಸ್‌ಸ್ಟ್ಯಾಂಡಿನ ತನಕ ಹಿಂದೆಯೇ ಓಡಿದೆ. "ಯಾಕಣ್ಣ ಹಂಗಂದೆ? ಓದು ಬರಲ್ಲ ಅಂದಿದ್ದರೆ ಆ ಅಜ್ಜ ಅಲ್ಲೇ ಕ್ಷಮಿಸ್ತಿದ್ದರು. ಕೆಟ್ಟವನು ಅನ್ನಿಸಿಕೊಂಡೆಯಲ್ಲೋ!" ಎಂದು ನಡುರಸ್ತೆಯಲ್ಲಿ ಕೂಗಾಡಿದೆ. "ಕೆಟ್ಟೋನು ಅಂದ್ರೆ ನಾಲ್ಕು ದಿನ ಅಂತಾರೆ, ಮರೀತಾರೆ. ಅದು ಹಂಗಲ್ಲ. ನಿನ್ನ ಕಾಲಿಗೆ ಬೀಳ್ತೆ, ಯಾರಿಗೂ ಹೇಳ್ಬ್ಯಾಡ" ಅಂದ. ನನ್ನಿಂದ ಮಾತು ತೆಗೆದುಕೊಂಡೇ ಬಸ್ಸು ಹತ್ತಿದ. ಅಲ್ಲಿಂದ ನಾನು ಹಳೆಯ ಯಜಮಾನರ ಮನೆಗೆ ಹೋದೆ. ಅಣ್ಣನ ಗುಟ್ಟು ಗೊತ್ತಿದ್ದವರು ಊರಿನಲ್ಲಿ ಇನ್ನು ಅವರೊಬ್ಬರೇ. ಮಂಚದ ಮೇಲೆ ಮಲಗಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಏನೋ ಹೇಳಬೇಕೆಂದು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಎಡಗೈಯಿಂದ ಹಾಸಿಗೆಯನ್ನು ಗುದ್ದಿ ಗುದ್ದಿ ಅತ್ತರು. ನಾನೂ ಅತ್ತೆ.

ಆ ಮದುವೆ ಬೇರೆ ಪ್ರೆಸ್ಸಿನ ಕಾರ್ಡಿನಲ್ಲಿ ಚೆನ್ನಾಗಿಯೇ ನಡೆಯಿತು. ಆದರೆ ಬೇಕಂತಲೇ ಅಪಶಕುನ ಮಾಡಿದವ ಎಂಬ ಮಾತು ಸೊರಬದಲ್ಲೆಲ್ಲ ಹರಡಿತು. ಅಣ್ಣ ಹೇಳಿದಂತೆ ನಾಲ್ಕು ದಿನಕ್ಕೆ ಮರೆತುಹೋಗುವ ಮಾತಾಗಿರಲಿಲ್ಲ ಅದು. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ನಾನು ಅವನ ಊರಿಗೆ ಹೋದೆ. ಅಣ್ಣ ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಬಹಳ ಇಳಿದುಹೋಗಿದ್ದ. ಹೆಂಡತಿ ಗದ್ದೆಗೆ ಹೋಗಿದ್ದರು. ಕಾಫಿ ತಂದುಕೊಟ್ಟಿದ್ದು ಮಗಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪನ ಲೋಟವನ್ನು ಅವನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟಳು.

"ಅಕ್ಕ, ನೀವ್ ಅದೇ ಪ್ರೆಸ್ಸಲ್ಲಿ ಇದ್ದೋರಲ್ದಾ?" ಅಂದಳು. "ಆ ಮದುವೆ ಹುಡ್ಗಿ ತಂಗಿ ನಮ್ ಕ್ಲಾಸಲ್ಲೇ ಇರೋದು. ನನ್ ಹತ್ರ ಯಾರೂ ಮಾತಾಡಲ್ಲ. ಹತ್ರ ಕೂರಾಕೂ ಬಿಡಲ್ಲ. ಶಾಲೆ ಕಡೆ ಬರ್ಬ್ಯಾಡ ಅಂತ ಅಪ್ಪಂಗೆ ಹೇಳಿದ್ದೆ ನಾನು." ಅಪ್ಪನ ಕಡೆ ತಿರುಗದೆ ನನ್ನನ್ನೇ ಕೇಳಿದಳು. "ಅಕ್ಷರ ಗೊತ್ತಿಲ್ದೋರು ಮಾಡಿದ್ರೆ ಪಾಪ ಗೊತ್ತಾಗ್ಲಿಲ್ಲ ಅನ್ಬೋದಿತ್ತು. ಇಷ್ಟು ವರ್ಷ ಪ್ರೆಸ್ಸಲ್ಲಿ ಇದ್ದೋರು, ಓದು ಬಲ್ಲೋರು, ಓದಿ ನೋಡಿ ಹಂಗೆ ಮಾಡ್ತಾರಾ ಅಕ್ಕ? ಯಾಕ್ ಮಾಡಿದ್ರು ಅಂತ ನಿಮಗಾದ್ರೂ ಗೊತ್ತಾ?"

ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು. ಅಣ್ಣ ನನ್ನ ಮುಖ ನೋಡಿದ. ನನ್ನ ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು. ಹೇಳಿಬಿಡಬೇಕು ಅಂತ ನಾಲಗೆಯ ತುದಿಯ ತನಕ ಬಂತು. ಒಂದು ಮಾತು ಹೇಳಿದರೆ ಆ ಹುಡುಗಿಗೆ ಅಪ್ಪ ಸಿಗುತ್ತಿದ್ದ, ಅವನಿಗೆ ಮಗಳು ಸಿಗುತ್ತಿದ್ದಳು, ಹಾಗೆಂದು ನನಗೆ ಅನ್ನಿಸುತ್ತಿತ್ತು. ಅವನಿಗೆ ಹಾಗೆ ಅನ್ನಿಸುತ್ತಿರಲಿಲ್ಲ.

"ಗೊತ್ತಿಲ್ಲ ಕಣೆ" ಅಂದೆ. ಹುಡುಗಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅಣ್ಣ ಬಸ್ಸು ನಿಲ್ಲುವ ಜಾಗದ ತನಕ ನನ್ನ ಜೊತೆ ಬಂದ. ದೂರದಲ್ಲಿ ಬಸ್ಸು ಕಂಡಾಗ ಅವನು ನನ್ನ ಕಡೆ ತಿರುಗಿದ. ಅಷ್ಟು ಸೊರಗಿದ ಮುಖದಲ್ಲಿ ಒಂದು ಚೂರು ನಗು ಇತ್ತು.

"ಓದು ಬಲ್ಲೋರು ಅಂದ್ಲು. ಕೇಳಿದ್ಯನೇ ತಂಗಿ?" ಅಂದ.

"ಹೂಂ ಅಣ್ಣ, ಕೇಳಿದೆ" ಅಂದೆ.